ಎಡಮೂಲೆಯ ಎಮ್ಮೆಗಳು

ಚಿಕ್ಕೋಡಿಯಲ್ಲಿ ಕೂತು ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಇಷ್ಟು ವರ್ಷ ಮಾಡಿದ್ದರಲ್ಲಿ ಜನ ಜೀವ ಕೈಯಲ್ಲಿ ಹಿಡಿದು ನೋಡಿದ್ದು ಒಂದೇ ಪುಟ. ಅದನ್ನು ಪುಕ್ಕಟೆ ಮಾಡಿದ್ದೆ.

ಅವ್ವನ ತವರು ಜುಗೂಳ, ಕೃಷ್ಣೆಯ ದಂಡೆಯ ಊರು. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ರಸ್ತೆ ಮುಳುಗುವ ಮೊದಲೇ ದನಕರು ಕಟ್ಟಿಕೊಂಡು ಹೊರಬೀಳಬೇಕು. ಅಲ್ಲಿಯವರಿಗಾಗಿ ನೀರಿನ ಮಟ್ಟ ತೋರಿಸುವ ಪುಟ ಮಾಡಿದೆ. ಮೇಲೆ ಅಂಕಿ, ಕೆಳಗೆ ಆವತ್ತಿನ ಫೋಟೋ. ಅಂಕಿಯನ್ನು ಸರ್ಕಾರದ ಪ್ರಕಟಣೆ ನೋಡಿ ನಾನು ಹಾಕುತ್ತಿದ್ದೆ. ಫೋಟೋ ನಮ್ಮ ಮಾಮಿಯದು. ಅವ್ವನ ತಮ್ಮನ ಹೆಂಡತಿಯಾದ ಅವಳು ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಹೊಳೆಯ ಫೋಟೋ ತೆಗೆದು ಕಳಿಸುತ್ತಿದ್ದಳು.

ಪುಟ ಸುಧಾರಿಸೋಣವೆಂದು ಅದಕ್ಕೊಂದು ಸಾಧನ ಜೋಡಿಸಿದ್ದೆ. ನೋಡುವವರು ಯಾರೆಂದು ಅದು ಹೇಳುವುದಿಲ್ಲ. ಬೆರಳು ಎಲ್ಲೆಲ್ಲಿ ತಾಕಿತೋ ಅಷ್ಟೇ ತೋರಿಸುತ್ತದೆ, ಹೆಚ್ಚು ತಾಕಿದ ಕಡೆ ಕೆಂಪು. ಒಂದು ವಾರ ಬಿಟ್ಟು ನೋಡಿದರೆ ನನ್ನ ದಪ್ಪನೆಯ ಅಂಕಿಯನ್ನು ಕೇಳುವವರೇ ಇಲ್ಲ! ಫೋಟೋದ ಎಡಮೂಲೆ ಮಾತ್ರ ಕೆಂಡವಾಗಿತ್ತು. ಅಲ್ಲಿದ್ದದ್ದು ಮಾಮಾನ ಕೊಟ್ಟಿಗೆ, ಸಗಣಿ, ಕಟ್ಟಿದ ಎಮ್ಮೆಗಳು. ಪುಟ ಸರಿಸುವಾಗ ಬೆರಳು ಅಲ್ಲಿ ತಾಗುತ್ತಿರಬೇಕು ಅಂದುಕೊಂಡೆ. ಎಮ್ಮೆಯನ್ನು ಯಾರು ನೋಡುತ್ತಾರೆ? ಆ ಮೂಲೆಯನ್ನೇ ಕತ್ತರಿಸಿ, ಅಂಕಿಯನ್ನು ಇನ್ನಷ್ಟು ದೊಡ್ಡದು ಮಾಡಿ, ಬಲು ಶಾಣ್ಯಾಳಂತೆ ಚಹಾ ಕುಡಿಯುತ್ತ ಕೂತೆ.

ಚಹಾ ಮುಗಿಯಲಿಲ್ಲ, ಫೋನ್ ಬಂತು.

"ಅಕ್ಕಾರ, ಎಮ್ಮಿ ಎಲ್ಲಿ ಹೋದ್ವು?"

ಹಿಂದೆಯೇ ಇನ್ನೊಬ್ಬರು, ಅದನ್ನೇ ಮರಾಠಿಯಲ್ಲಿ: "ಮ್ಹಶಿ ಕುಠಂ ಗೆಲ್ಯಾ?" ಮೂರನೆಯದು ಖುದ್ದು ಮಾಮಾನದು. ಸಿಟ್ಟಿನಿಂದ ಅವನ ಧ್ವನಿ ಒಡೆಯುತ್ತಿತ್ತು.

"ಏನ ಹಚ್ಚೀ ಬೇ ನೀನು? ನಾ ಊರ ಬಿಟ್ಟೇನಂತ ಮಂದಿ ಟ್ರಾಲಿಗೆ ಸಾಮಾನ ಹೇರಾಕತ್ತಾರ! ನಾ ಎಲ್ಲಿ ಹೋಗೇನಿ? ಇಲ್ಲೇ ಕುಂತೇನಿ, ಎಮ್ಮಿ ಮೈ ತೊಳ್ಯಾಕತ್ತೇನಿ!"

ಆಗ ನನ್ನ ತಲೆಗೆ ಹೊಳೆಯಿತು. ಮಾಮಾನ ಕೊಟ್ಟಿಗೆ ಊರಿಗೆಲ್ಲ ತಗ್ಗಿನಲ್ಲಿದೆ. ಅವನು ಎಮ್ಮೆ ಬಿಚ್ಚಿದರೆ ಊರು ಬಿಚ್ಚುತ್ತದೆ, ಅವನು ಕೂತರೆ ಊರೂ ಕೂರುತ್ತದೆ. ಮನೆಗೆ ಬಂದು ಕೇಳಲು ಸಂಕೋಚ, ಫೋಟೋದ ಮೂಲೆ ಮುಟ್ಟಿ ಹಿಗ್ಗಿಸಿ ನೋಡಲು ಬೆರಳಿಗೇನು ಸಂಕೋಚ?

ಕತ್ತರಿಸಿದ್ದನ್ನು ತಕ್ಷಣ ಮೊದಲಿನ ಹಾಗೆ ಮಾಡಿದೆ. ಜನ ಟ್ರಾಲಿಯಿಂದ ಸಾಮಾನು ಇಳಿಸಿದರು. ಆದರೆ ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬರತೊಡಗಿತ್ತು. ಮಾಮಿ ಗುಟ್ಟಾಗಿ ಫೋನ್ ಮಾಡಿದಳು.

"ಇನ್ನೊಮ್ಮಿ ಕತ್ತರಸ ಬಿಡವ್ವಾ. ಮಂದಿ ಆದ್ರೂ ಹೊರಗ ಬೀಳ್ಲಿ. ಇವ್ರಂತೂ ಏಳಂಗಿಲ್ಲ. ಹೋದ ಸಲ ಊರ ಬಿಟ್ಟಾಗ ಶಾಲಿ ಅಂಗಳದಾಗ ಮಳಿಗಿ ನಿಂತು ಎಮ್ಮಿ ಹಾಲ ಬತ್ತಿಸಿದ್ವು, ಈಗ ಒಂದು ಗಬ್ಬ ಐತಿ."

ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಒಮ್ಮೆ ಸುಳ್ಳು ಫೋಟೋ ಹಾಕಿದರೆ ಮುಂದೆ ನಿಜವಾದ ಫೋಟೋವನ್ನು ಯಾರು ನಂಬುತ್ತಾರೆ? ಸ್ಕೂಟರ್ ಹತ್ತಿ, ಅಂಕಲಿ ದಾಟಿ, ತೋಯ್ದು ತೊಪ್ಪೆಯಾಗಿ ಜುಗೂಳ ಮುಟ್ಟಿದೆ. ಮಾಮಾ ಕೊಟ್ಟಿಗೆಯಲ್ಲೇ ಇದ್ದ. ನೀರಿನ್ನೂ ಕೆಳಗಿನ ಬೇವಿನ ಬುಡಕ್ಕೆ ಬಂದಿಲ್ಲ, ಬರಲಿ ನೋಡೋಣ ಎಂದ. ನಾನು ವಾದ ಮಾಡಲಿಲ್ಲ. ಫೋನ್ ತೆಗೆದು ಆ ಕೆಂಪು ಮೂಲೆ ತೋರಿಸಿದೆ.

"ಇದೇನಿದು, ಬೆಂಕಿ ಹತ್ತೇತೇನು?"

"ಬೆಂಕಿ ಅಲ್ಲ ಮಾಮಾ, ಊರಾಗಿನ ಮಂದಿ ಬೆರಳು. ಎಲ್ಲಾರೂ ನಿನ್ನ ಎಮ್ಮಿ ಅದಾವೋ ಇಲ್ಲೋ ಅಂತ ನೋಡಾಕತ್ತಾರ."

"ಯಾರ‍್ಯಾರು?"

"ಯಾರಂತ ತಿಳಿಯೂದಿಲ್ಲ. ಬೆರಳಷ್ಟ ಕಾಣ್ತಾವ."

ಫೋನನ್ನು ದೂರ ಹಿಡಿದ, ಹತ್ತಿರ ಹಿಡಿದ. ಆಮೇಲೆ ಗಬ್ಬದ ಎಮ್ಮೆಯ ಬೆನ್ನು ಸವರಿದ.

"ನಾ ಹೊಳಿ ನೋಡ್ಕೋತ ಕುಂತಿದ್ದೆ," ಅಂದ. "ಇವ್ರು ನನ್ನ ನೋಡ್ಕೋತ ಕುಂತಾರಲ್ಲ, ಮಕ್ಕಳ ಮರಿ ಕಟ್ಕೊಂಡು."

ಹಗ್ಗ ಬಿಚ್ಚತೊಡಗಿದ. ಮಾಮಿ ಸೆರಗು ಸಿಕ್ಕಿಸಿಕೊಂಡು ಮಾಳಿಗೆಗೆ ಓಡಿದಳು. ಖಾಲಿ ಕೊಟ್ಟಿಗೆಯ ಫೋಟೋ ಹಾಕಿ ನಾನು ಗಬ್ಬದ ಎಮ್ಮೆಯ ಹಿಂದೆ ನಡೆದೆ. ನಾವು ಊರ ತಿರುವು ಮುಟ್ಟುವಷ್ಟರಲ್ಲಿ ಹಿಂದೆ ಟ್ರ್ಯಾಕ್ಟರ್‌ಗಳ ಸದ್ದು ಕೇಳಿಸಿತು. ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ಮರುದಿನ ಮಧ್ಯಾಹ್ನ ಆ ರಸ್ತೆ ಮುಳುಗಿತು. ಒಳಗೆ ಯಾರೂ ಉಳಿದಿರಲಿಲ್ಲ.

ಯಾರಿಗೆ ಋಣಿಯಾಗಲಿ? ಹೆಸರಿಲ್ಲದ ಆ ಬೆರಳುಗಳಿಗೆ, ಹಠ ಬಿಟ್ಟ ಮಾಮಾನಿಗೆ, ಮೊಣಕಾಲು ನೋವಿನಲ್ಲೂ ಮಾಳಿಗೆ ಹತ್ತುತ್ತಿದ್ದ ಮಾಮಿಗೆ. ಈಗ ಯಾರ ಪುಟ ಮಾಡಿದರೂ, ಜನ ಮುಟ್ಟುವ ಜಾಗ ನನಗೆ ತಿಳಿಯದಿದ್ದರೆ ಕತ್ತರಿ ಎತ್ತುವುದಿಲ್ಲ.

ನೀರಿಳಿದ ಮೇಲೆ ಮಾಮಾ ಎಲ್ಲರಿಗಿಂತ ಮೊದಲು ಊರಿಗೆ ಹೋದ. ರಾಡಿ ತೆಗೆದು, ಗೂಟ ಬಡಿದು, ಎಮ್ಮೆಗಳನ್ನು ಕಟ್ಟಿದ, ಜೊತೆಗೆ ಹೊಸ ಕರುವನ್ನೂ. ಆಮೇಲೆ ನನಗೆ ಫೋನ್ ಮಾಡಿದ.

"ನಿಮ್ಮ ಮಾಮಿ ಫೋಟೋ ಕಳಿಸ್ಯಾಳ. ಲಗೂನ ಹಾಕ ಬೇ. ಮಂದಿ ಮನಿಗಿ ಬರ್ಲಿ."