ಬಸಣ್ಣನ ಪಾವಲಿ

ಕತಾರಿನ ಅಲ್ ವುಕೈರಿನಲ್ಲಿ ನಮ್ಮ ಮನೆಯ ಕೆಳಗಿರುವ ಬಕಾಲ ಅಂಗಡಿಗೆ ನಾನೊಬ್ಬ ತಲೆನೋವಿನ ಗಿರಾಕಿ. ಊರಿಗೆ ಊರೇ ಕಾರ್ಡು ತಾಗಿಸಿ ‘ಟಿಣ್’ ಅನ್ನಿಸಿಕೊಂಡು ಹೋಗುವಾಗ ನಾನು ಮಾತ್ರ ನೋಟು ಕೊಟ್ಟು ಚಿಲ್ಲರೆಗಾಗಿ ಕೈಯೊಡ್ಡಿ ನಿಲ್ಲುತ್ತೇನೆ. “ಚೇಂಜ್ ಮಾಫಿ ಸಾರೇ, ಚೂಯಿಂಗ್ ಗಮ್ ಮದಿಯೋ?” ಎಂದು ಅಂಗಡಿಯ ಮಲಯಾಳಿ ಯಜಮಾನರಾದ ಹುಸೇನಿಕ್ಕ ಗೋಗರೆಯುತ್ತಾರೆ. ಚಿಲ್ಲರೆ ಇಲ್ಲ ಎಂದರೆ ಕೇಳುವುದಿಲ್ಲ, ಗಮ್ ಸಾಲದು, ನಾಣ್ಯವೇ ಬೇಕು ಎನ್ನುತ್ತೇನೆ. ಜೊತೆಗೆ ಮಗಳಿದ್ದರೆ ಅವಳು ಮಾರು ದೂರ ಸರಿದು, ಈ ಮನುಷ್ಯ ಯಾರೋ ತಾನು ಯಾರೋ ಎಂಬಂತೆ ಐಸ್‌ಕ್ರೀಮ್ ಪೆಟ್ಟಿಗೆಯನ್ನು ಇಣುಕಿ ನೋಡುತ್ತಾಳೆ. ನೀವೂ ನನ್ನನ್ನು ಜುಗ್ಗ ಎಂದುಕೊಳ್ಳಬೇಡಿ. ಇದಕ್ಕೆ ಹನ್ನೊಂದು ವರ್ಷದಷ್ಟು ಹಳೆಯ ಕಾರಣವಿದೆ.

ಮೊನ್ನೆ ಶುಕ್ರವಾರ ಮೊಸರು, ಖುಬೂಸ್ ರೊಟ್ಟಿ ಕೊಂಡಾಗ ಹುಸೇನಿಕ್ಕ ಗಲ್ಲಾಪೆಟ್ಟಿಗೆಯ ತಳ ಕೆರೆದು ಮೂರು ನಾಣ್ಯ ಕೊಟ್ಟರು. ಎರಡು ಇಲ್ಲಿನ ಕಾಲು ರಿಯಾಲ್. ಮೂರನೆಯದರ ಮೇಲೆ ಹುಲಿ! ಹೌದು, ಈ ಮರುಭೂಮಿಯ ಅಂಗಡಿಯಲ್ಲಿ, ನನ್ನ ಅಂಗೈಯಲ್ಲಿ, ಬಾಲ ಎತ್ತಿಕೊಂಡ ಹುಲಿ. ಮಗುಚಿದರೆ ಕಿರೀಟ ತೊಟ್ಟ ಇಂಗ್ಲೆಂಡಿನ ದೊರೆ. ನಮ್ಮದೇ ದೇಶದ ಹಳೆಯ ನಾಲ್ಕಾಣೆ, ಅಂದರೆ ಪಾವಲಿ. ಗಾತ್ರದಲ್ಲಿ ಕಾಲು ರಿಯಾಲಿನ ತಮ್ಮನಂತಿರುವುದರಿಂದ ಯಾರೂ ಗಮನಿಸದೆ ಚಿಲ್ಲರೆಯಲ್ಲಿ ಸೇರಿಹೋಗಿತ್ತು. ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ. ಸಕ್ಕರೆ ಕಾಯಿಲೆಯಿರಬೇಕೆಂದು ಹುಸೇನಿಕ್ಕ ಗಾಬರಿಯಿಂದ ಒಂದು ಜ್ಯೂಸ್ ತೆಗೆದುಕೊಟ್ಟರು.

ಈಗ ಬಸಣ್ಣನ ವಿಷಯ ಹೇಳಬೇಕು. ಮೈಸೂರಿನಿಂದ ಬಂದ ಹೊಸದರಲ್ಲಿ, ಹೆಂಡತಿ ಮಗಳು ಇನ್ನೂ ಊರಲ್ಲೇ ಇದ್ದಾಗ, ನಾನು ದೋಹಾದ ಹಳೆಯ ಬಡಾವಣೆಯೊಂದರಲ್ಲಿ ಅವರ ಜೊತೆ ಒಂದು ಫ್ಲ್ಯಾಟ್ ಹಂಚಿಕೊಂಡಿದ್ದೆ. ಗದಗದ ಕಡೆಯವರು. ಅನಿಲ ಸ್ಥಾವರದಲ್ಲಿ ಪೈಪು ಪರೀಕ್ಷಿಸುವ ಕೆಲಸ. ಬಂದ ಉಕ್ಕು ಹೇಳಿದ ಜಾತಿಯದೇ ಹೌದೋ ಅಲ್ಲವೋ ಎಂದು ಮುಟ್ಟಿಸಿ ನೋಡಲು ಅಂಗಿಯ ಜೇಬಿನಲ್ಲಿ ದಾರ ಕಟ್ಟಿದ ಒಂದು ಮ್ಯಾಗ್ನೆಟ್ ಸದಾ ಇರುತ್ತಿತ್ತು. “ಪೈಪು ಸುಳ್ಳು ಹೇಳತೈತಿ, ಸರ್ಟಿಫಿಕೇಟು ಸುಳ್ಳು ಹೇಳತೈತಿ. ಮ್ಯಾಗ್ನೆಟ್ ಹೇಳೂದಿಲ್ಲ ನೋಡು ತಮ್ಮಾ” ಎನ್ನುತ್ತಿದ್ದರು. ಸಂಜೆ ಅದೇ ಮ್ಯಾಗ್ನೆಟ್ ನಮ್ಮಿಬ್ಬರ ಜೇಬಿನ ಚಿಲ್ಲರೆಯ ಮೇಲೆ ಓಡಾಡುತ್ತಿತ್ತು.

ಅವರಿಗೆ ಹಳೆಯ ನಾಣ್ಯದ ಹುಚ್ಚು. ದುಡ್ಡು ಕೊಟ್ಟು ಕೊಳ್ಳುವವರಲ್ಲ; ಚಿಲ್ಲರೆಯಲ್ಲಿ ತಾನಾಗಿ ಬಂದದ್ದಷ್ಟೇ ಅವರಿಗೆ ಬೇಕು. ಒಮ್ಮೆ ತರಕಾರಿ ಅಂಗಡಿಯಿಂದ ಜಿಂಕೆಯ ಚಿತ್ರವಿದ್ದ ಒಂದು ನಾಣ್ಯ ಬಂತು. ಅದರ ಮೇಲೆ ಕತಾರ್ ಮತ್ತು ದುಬೈ, ಎರಡೂ ಹೆಸರು. ಬಸಣ್ಣ ಒಲೆಯ ಮೇಲಿದ್ದ ಸಾರನ್ನೂ ಮರೆತು ಅದನ್ನೇ ನೋಡುತ್ತ ನಿಂತರು. ಒಂದು ಕಾಲಕ್ಕೆ ಇವೆರಡಕ್ಕೂ ಒಂದೇ ನಾಣ್ಯವಿತ್ತಂತೆ. ಅದಕ್ಕೂ ಹಿಂದೆ ಇಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ, ನಮ್ಮ ಆಣೆ. “ನಾವು ರೊಕ್ಕಾ ದುಡೀಲಿಕ್ಕೆ ಇಲ್ಲಿಗೆ ಬಂದೀವಿ. ನಮ್ಮ ರೊಕ್ಕಾ ನಮಗಿಂತ ಮೊದಲ ಬಂದು ಇಲ್ಲಿ ದುಡಿದು ಹೋಗೇತಿ!” ಎಂದು ಅವರು ಹೇಳುವಾಗ ನಾನು ಸೀದುಹೋದ ಸಾರಿಗಾಗಿ ಗೊಣಗುತ್ತಿದ್ದೆ.

ಅವರ ಬಳಿ ಇದ್ದ ಪಾವಲಿ ಮಾತ್ರ ಚಿಲ್ಲರೆಯಲ್ಲಿ ಬಂದದ್ದಲ್ಲ. ಗಲ್ಫಿಗೆ ಹೊರಟ ದಿನ ಅವರ ಅವ್ವ ಸೆರಗಿನ ಗಂಟು ಬಿಚ್ಚಿ ಕೊಟ್ಟದ್ದು. ಅಪ್ಪಟ ನಿಕ್ಕಲ್, ಮ್ಯಾಗ್ನೆಟ್ ತೋರಿಸಿದರೆ ಟಕ್ಕನೆ ಅಂಟುತ್ತಿತ್ತು. ಪ್ರತಿ ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆಯಲ್ಲಿ ಅದು ಕಳಶದ ನೀರಿಗೆ ಬೀಳಬೇಕು. ಕಳಶದ ಮುಂದಿನ ತಟ್ಟೆಯಲ್ಲಿ ಇಲ್ಲಿನ ನಾಣ್ಯಗಳು.

ಆ ವರ್ಷ ಪೂಜೆಯ ಮರುದಿನ ಬಸಣ್ಣ ಬೆಳಗಿನ ನಾಲ್ಕಕ್ಕೆ ಸೈಟಿನ ಬಸ್ಸು ಹಿಡಿಯುವ ಮೊದಲು, ಅರೆನಿದ್ದೆಯಲ್ಲಿ, ಕಳಶದಿಂದ ಪಾವಲಿಯನ್ನು ತೆಗೆದು ಆರಲೆಂದು ತಟ್ಟೆಯಲ್ಲಿಟ್ಟು ಹೋಗಿದ್ದರು. ಏಳು ಗಂಟೆಗೆ ವೆಸ್ಟ್ ಬೇ ಆಫೀಸಿಗೆ ಹೊರಟ ನನ್ನಲ್ಲಿ ಕರಕ್ ಚಹಾಕ್ಕೆ ಚಿಲ್ಲರೆಯಿರಲಿಲ್ಲ. ಸಂಜೆ ತಂದಿಟ್ಟರಾಯಿತೆಂದು ತಟ್ಟೆಯಿಂದ ನಾಲ್ಕು ನಾಣ್ಯ ಎತ್ತಿಕೊಂಡೆ. ಫೋನಿನಲ್ಲಿ ಮಾತಾಡುತ್ತಲೇ ಚಹಾದವನಿಗೆ ಕೊಟ್ಟೆ. ನೋಡಲೂ ಇಲ್ಲ.

ಸಂಜೆ ಬಸಣ್ಣ ಬಂದವರೇ ಪದ್ಧತಿಯಂತೆ ಕಳಶದ ನೀರನ್ನು ರಸ್ತೆಬದಿಯ ಬೇವಿನ ಬುಡಕ್ಕೆ ಸುರಿದರು. ಆಮೇಲೆ ನೋಡಿದರೆ ಪಾವಲಿ ತಟ್ಟೆಯಲ್ಲೂ ಇಲ್ಲ, ಕಳಶದಲ್ಲೂ ಇಲ್ಲ. ಬೆಳಿಗ್ಗೆ ತೆಗೆದಿಟ್ಟದ್ದು ನಿಜವೋ ಕನಸೋ ಅವರಿಗೇ ಖಾತ್ರಿಯಿಲ್ಲ. “ನೀರಿನ ಜೋಡಿ ಚೆಲ್ಲಿಬಿಟ್ಟೆ ಅನ್ಸತೈತಿ. ಅವ್ವ ಕೊಟ್ಟದ್ದನ್ನ ನನ್ನ ಕೈಯಾರೆ ಚೆಲ್ಲಿದೆ” ಎಂದು ಬೇವಿನ ಬುಡಕ್ಕೆ ಓಡಿದರು. ನನಗೆ ಆ ಕ್ಷಣವೇ ಎಲ್ಲ ಹೊಳೆಯಿತು. ಬಾಯಿ ಬಿಡಲಿಲ್ಲ. ಚಹಾದಂಗಡಿಗೆ ಹೋಗಿ ವಿಚಾರಿಸಿದೆ. ಬೆಳಗಿನ ಚಿಲ್ಲರೆಯೆಲ್ಲ ಖಲಾಸ್. ಮೂರು ಸಂಜೆ ಬಸಣ್ಣ ಬೇವಿನ ಬುಡದ ಮಣ್ಣನ್ನು ಬೆರಳಿನಿಂದ ಜಾಲಾಡಿದರು. ಮ್ಯಾಗ್ನೆಟ್ಟಿಗೆ ತುಕ್ಕು ಹಿಡಿದ ಮೊಳೆಗಳು ಅಂಟಿದವು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಾನೂ ಕೆದಕಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅಂದಿನಿಂದ ಇಂದಿನವರೆಗೆ ನಾನು ಈ ನಗರದ ಚಿಲ್ಲರೆಯನ್ನೆಲ್ಲ ತಡವುತ್ತಿದ್ದದ್ದು ಅದೊಂದು ಪಾವಲಿಗಾಗಿ. ಅದರ ಮೇಲೆ ಯಾವುದೋ ಕಾಡುಪ್ರಾಣಿ ಇದ್ದ ನೆನಪು. ಈಗ ಹುಲಿ ಸಿಕ್ಕಿತ್ತು. ಮನೆಗೆ ಓಡಿ ಫ್ರಿಜ್ಜಿನ ಮ್ಯಾಗ್ನೆಟ್ ಕಿತ್ತು ಮುಟ್ಟಿಸಿದೆ. ಟಕ್ಕನೆ ಅಂಟಿತು. ತಕ್ಷಣ ಗದಗಕ್ಕೆ ವಿಡಿಯೊ ಕರೆ ಮಾಡಿದೆ. ಬಸಣ್ಣ ನಿವೃತ್ತರಾಗಿ, ತಲೆ ಪೂರ್ತಿ ಬೆಳ್ಳಗಾಗಿ, ಮೊಮ್ಮಗನ ಕ್ರಿಕೆಟ್ ಬ್ಯಾಟಿಗೆ ದಾರ ಸುತ್ತುತ್ತ ಕೂತಿದ್ದರು.

“ಬಸಣ್ಣ, ನಿಮ್ಮ ಅವ್ವನ ಪಾವಲಿ ಸಿಕ್ತು.”

“ಏನಪಾ, ಬೇವಿನ ಗಿಡದಾಗ ಕಾಯಿ ಬಿಟ್ಟಿತೇನು?” ನಕ್ಕರು.

ಎಲ್ಲ ಹೇಳಿದೆ. ತಟ್ಟೆ, ನಾಲ್ಕು ನಾಣ್ಯ, ಚಹಾ. ಅವರ ಕೈಯಲ್ಲಿನ ದಾರ ನಿಂತಿತು.

“ಮೂರು ದಿನಾ ನನ್ನ ಜೋಡಿ ಮಣ್ಣು ಕೆದರಿದೆಲ್ಲೋ! ಗೊತ್ತಿದ್ದೂ?”

“ಗೊತ್ತಿದ್ದೂ. ತಪ್ಪಾಯ್ತು ಬಸಣ್ಣ.”

ಅವರು ಬ್ಯಾಟನ್ನು ಪಕ್ಕಕ್ಕಿಟ್ಟರು. ಆಮೇಲೆ “ತೋರಸು” ಎಂದರು. ನಾಣ್ಯವನ್ನು ಕ್ಯಾಮೆರಾಕ್ಕೆ ಹಿಡಿದೆ. ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ಇದು ನಂದಲ್ಲ. ನಂದರಾಗ ಮೂರು ಸಿಂಹ ಇದ್ದವು. ಇದು ಅದಕ್ಕೂ ಹಳೇದು. ನೀ ಅದನ್ನ ಒಂದಿನಾನೂ ನೆಟ್ಟಗ ನೋಡೇ ಇಲ್ಲಲ್ಲೋ.”

ನಿಜ. ಒಂದೇ ಮನೆಯಲ್ಲಿ ಇದ್ದು ಒಮ್ಮೆಯೂ ನೆಟ್ಟಗೆ ನೋಡದ ವಸ್ತುವನ್ನು ಹನ್ನೊಂದು ವರ್ಷ ಹುಡುಕಿದ್ದೆ. ಹಾಗಾದರೆ ಈ ಹುಲಿ ಯಾರದು? ನಮ್ಮ ಆಣೆ ಇಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಯಾರು ಯಾರಿಗೆ ಇದನ್ನು ಕೊಟ್ಟಿದ್ದರು, ಎಷ್ಟು ಕೈ ದಾಟಿ ನನ್ನ ಮೊಸರಿನ ಚಿಲ್ಲರೆಗೆ ಬಂತು? ಅಷ್ಟರಲ್ಲಿ ಬಸಣ್ಣ ಕೇಳಿದರು. ದನಿ ಸಣ್ಣಗಾಗಿತ್ತು.

“ಹಂಗಾರ, ನಾ ಚೆಲ್ಲಿಲ್ಲ?”

“ಇಲ್ಲ ಬಸಣ್ಣ. ನೀವು ಚೆಲ್ಲಲಿಲ್ಲ.”

“ಅವ್ವ ಹೋಗೂ ಮುಂದ ಕೇಳಿದ್ಲು, ಪಾವಲಿ ಐತೇನೋ ಬಸು ಅಂತ. ಐತಿ ಅಂದಿದ್ದೆ. ಸಾಯಾಕಿಗೆ ಸುಳ್ಳು ಹೇಳಿದೆ ಅಂತ ಇಷ್ಟು ವರ್ಷ ಕೊರಗೀನಿ.” ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು. “ಸುಳ್ಳಲ್ಲ ನೋಡು. ಐತಿ. ಅಲ್ಲೇ ಊರಾಗ ಯಾರದೋ ಕಿಸೆದಾಗ ಅಡ್ಡಾಡಾಕತ್ತೈತಿ.”

ಅಂದು ಸಂಜೆ ನಾನು ಹೊರಗೆ ಹೊರಟೆ. ಫುಟ್‌ಪಾತಿನಲ್ಲಿ ಎದುರಾದ ನೇಪಾಳಿಗಳು, ಬಂಗಾಳಿಗಳು, ಬಿಳಿ ತೋಬಿನ ನಿಲುವಂಗಿ ತೊಟ್ಟ ಅರಬ್ ಅಜ್ಜ, ಡೆಲಿವರಿ ಹುಡುಗರು, ಒಬ್ಬೊಬ್ಬರ ಜೇಬನ್ನೂ ಭಕ್ತಿಯಿಂದ ನೋಡುತ್ತ ನಡೆದೆ.