ಬೂದು ಉಣ್ಣೆಯ ಕೊರಳುಸುತ್ತು

ನಮ್ಮ ಸೋದರತ್ತೆ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕೊರಳನ್ನು. ಮುಖ ಆಮೇಲೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬರೀ ಕಾಲರ್ ಹೊಲಿದವಳು. ತೋಳು, ಜೇಬು, ಗುಂಡಿ ಎಲ್ಲ ಬೇರೆಯವರ ಪಾಲು, ಅವಳ ಪಾಲಿಗೆ ಕಾಲರ್ ಒಂದೇ. ಬೀದಿಯಲ್ಲಿ ಎದುರಾದ ಗುರುತಿಲ್ಲದ ಮನುಷ್ಯನನ್ನು ನೋಡಿ, “ಹದಿನೈದೂವರೆ ಕೊರಳು. ಹದಿನೈದು ಹಾಕ್ಕೊಂಡು ಒದ್ದಾಡ್ತಿದಾನೆ ನೋಡು, ಪಾಪ,” ಅನ್ನುತ್ತಿದ್ದಳು, ಅವನಿಗೂ ಕೇಳುವ ಹಾಗೆ. ನನಗೆ ನಾಚಿಕೆಯಾಗಿ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಕಾಲರ್ ಅತ್ತೆ ಎಂಬ ಹೆಸರು ನಾನು ಹುಟ್ಟುವ ಮೊದಲೇ ಬಿದ್ದಿತ್ತು.

ಹೊಲಿಗೆ ಹೊಟ್ಟೆಪಾಡಿಗೆ, ಹೆಣಿಗೆ ತನ್ನ ಖುಷಿಗೆ. ಸಂಜೆ ಮನೆಗೆ ಬಂದವಳೇ ಕಡ್ಡಿ ಹಿಡಿದು ಕಿಟಕಿಯ ಪಕ್ಕ ಕೂರುತ್ತಿದ್ದಳು. ಅವಳ ಕೈಯಿಂದ ಒಂದು ಸಾಮಾನೂ ಮಾರಾಟಕ್ಕೆ ಹೋಗಲಿಲ್ಲ, ಎಲ್ಲ ಉಡುಗೊರೆ. ಮಣಿಕಟ್ಟಿನ ಪಟ್ಟಿ, ಕನ್ನಡಕದ ಚೀಲ, ಕಿವಿ ಮುಚ್ಚುವ ಪಟ್ಟಿ, ಕುರ್ಚಿಯ ಕಾಲು ನೆಲ ಕೆರೆಯದಂತೆ ಅದಕ್ಕೊಂದು ಕಾಲುಚೀಲ. ನಮ್ಮ ಮನೆಯ ಚಹಾದ ಕೆಟಲಿಗೂ ಅವಳದೇ ಟೋಪಿ. “ನನ್ನ ತಂಗಿ ಊರಿಗೆಲ್ಲ ಟೋಪಿ ಹಾಕಿದವಳು, ಪೊಲೀಸರ ಕೈಗೆ ಮಾತ್ರ ಸಿಕ್ಕಿಲ್ಲ,” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಎಲ್ಲಕ್ಕಿಂತ ಅವಳಿಗೆ ಪ್ರೀತಿ ಕೊರಳುಸುತ್ತಿನ ಮೇಲೆ. ಅದು ಮಫ್ಲರಿನಂತೆ ಎರಡು ತುದಿಗಳದ್ದಲ್ಲ, ತಲೆಯ ಮೇಲಿಂದ ಇಳಿಬಿಟ್ಟು ಕೊರಳಿಗೆ ಕೂರಿಸಿಕೊಳ್ಳುವ ಉಣ್ಣೆಯ ಬಳೆ. ಅಳತೆಗೆ ಟೇಪು ಹಿಡಿಯುತ್ತಿರಲಿಲ್ಲ. ಎರಡೂ ಕೈಯ ಬೆರಳುಗಳಿಂದ ಕೊರಳನ್ನು ಒಂದು ಸಲ ಬಳಸಿ ನೋಡಿದರೆ ಆಯಿತು. ಉಣ್ಣೆಯೂ ಅಷ್ಟೇ, ಮೇಲೆ ಮಂಜು ಕೂತಂತೆ ಜೂಲು ಎದ್ದಿರುವ ಮೆತ್ತನೆಯದೇ ಬೇಕು. ಹೆಣೆದು ಮುಗಿಸಿದ ಮೇಲೆ ಎಳೆಮಕ್ಕಳ ತಲೆ ಬಾಚುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಆ ಜೂಲನ್ನು ಇನ್ನಷ್ಟು ಎಬ್ಬಿಸುತ್ತಿದ್ದಳು. ಹತ್ತಿ ದಾರ ಎಂದರೆ ಮೂಗು ಮುರಿಯುತ್ತಿದ್ದಳು. “ಹತ್ತೀಲಿ ಹೆಣೆದು ಕೊಟ್ರೆ ಅದು ಉಡುಗೊರೆ ಅಲ್ಲ, ಪಾತ್ರೆ ಒರೆಸೋ ಬಟ್ಟೆ,” ಅನ್ನುವುದು ಅವಳ ಮಾತು.

ಇನ್ನು ಅಪ್ಪ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವುದು ಅವನ ಕೆಲಸ. ಗಾಜಿನ ಗೂಡಿನಂಥ ಕೋಣೆ, ಒಂದು ತಿರುಗುವ ಕುರ್ಚಿ, ಒಂದು ಲೋಟ ಬಿಸಿನೀರು. ಅವನ ದನಿ ನಿಲ್ದಾಣ ದಾಟಿ ಎರಡು ಬೀದಿ ಆಚೆಯ ನಮ್ಮ ಮನೆಗೂ ಕೇಳುತ್ತಿತ್ತು. ಅಮ್ಮ ಅದನ್ನು ಕೇಳಿಯೇ ಒಲೆ ಹಚ್ಚುತ್ತಿದ್ದಳು. ಒಳ್ಳೆಯ ದನಿ ಇದ್ದವರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಅಪ್ಪನಿಗೂ ತಿಳಿಯಲಿಲ್ಲ.

ಚಿಕ್ಕಪ್ಪನ ಮಗನ ಮದುವೆಯಲ್ಲಿ, ನೂರೈವತ್ತು ಜನ ಊಟಕ್ಕೆ ಕೂತಿದ್ದಾಗ, ಯಾರೋ ಅವನ ಕೈಗೆ ಮೈಕು ಕೊಟ್ಟರು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಎರಡು ನಗೆಚಟಾಕಿ ಹೇಳಿದ, ಜನ ನಕ್ಕರು. ಮೂರನೆಯದಕ್ಕೆ ನಿಲ್ದಾಣದ ದನಿ ತೆಗೆದ. “ಪ್ರಯಾಣಿಕರ ಗಮನಕ್ಕೆ. ಮೂವತ್ತು ವರ್ಷದ ಹಿಂದೆ ಹೊರಡಬೇಕಿದ್ದ ನನ್ನ ತಂಗಿಯ ಗಾಡಿ ಇನ್ನೂ ಹೊರಟಿಲ್ಲ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.”

ಅತ್ತೆ ಮದುವೆಯಾಗಿರಲಿಲ್ಲ. ನಿಶ್ಚಯವಾಗಿದ್ದ ಸಂಬಂಧ ತಪ್ಪಿದ್ದು ಅಜ್ಜಿ ಹಾಸಿಗೆ ಹಿಡಿದಾಗ. ಒಂಬತ್ತು ವರ್ಷ ಅಜ್ಜಿಯನ್ನು ಎತ್ತಿ, ತೊಳೆದು, ಉಣ್ಣಿಸಿದವಳು ಅತ್ತೆ. ಅಪ್ಪ ಆಗ ಹೊಸ ಮದುಮಗ. ಈ ಕಥೆ ಆ ನೂರೈವತ್ತು ಜನರಿಗೂ ಗೊತ್ತಿತ್ತು, ಆದರೂ ನಕ್ಕರು. ಅತ್ತೆ ತಟ್ಟೆ ಬಿಟ್ಟು ಎದ್ದಳು. ಅವಳಿಗೆ ಮೈಕು ಬೇಕಾಗಲಿಲ್ಲ.

“ನಿನ್ನ ಬಾಯಿ ಬಿದ್ದುಹೋಗ! ಆ ಗಂಟಲು ಕಟ್ಟಿಹೋಗಿ ಒಂದು ಮಾತೂ ಹೊರಡದೇ ಇರಲಿ!”

ಅಷ್ಟು ಹೇಳಿ ಹೋದಳು. ಆಮೇಲೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು, ನಡುವೆ ಇದ್ದುದು ಒಂದೇ ಗೋಡೆಯಾದರೂ.

ಹನ್ನೊಂದು ತಿಂಗಳಾದ ಮೇಲೆ ಅಪ್ಪನ ದನಿ ಒಡೆಯಿತು. ಶೀತ ಅಂದುಕೊಂಡೆವು, ಬಿಸಿನೀರು ಕುಡಿಸಿದೆವು. ಮೈಕಿನಲ್ಲಿ ಕೂಗುವುದು ಯಾರಿಗೂ ತಿಳಿಯದಂತಾದಾಗ ಆಸ್ಪತ್ರೆಗೆ ಹೋದ. ಗಂಟಲಲ್ಲಿ ಗಡ್ಡೆ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಅಂದರು, ತೆಗೆದರು. ಕೊರಳ ಬುಡದಲ್ಲಿ ಬೆರಳು ಹೋಗುವಷ್ಟು ತೂತು, ಅದರಲ್ಲೊಂದು ಸಣ್ಣ ನಳಿಕೆ. ಇನ್ನುಮೇಲೆ ಉಸಿರೆಲ್ಲ ಅಲ್ಲಿಂದಲೇ. ಮಾತಾಡಲು ಅಳಿಸಿ ಬರೆಯುವ ಒಂದು ಹಲಗೆ.

ಸುದ್ದಿ ಕೇಳಿ ಅತ್ತೆ ಬಂದಳು. ಬಾಗಿಲಲ್ಲೇ ನಿಂತಳು. ಎಂದಿನಂತೆ ಮೊದಲು ಕೊರಳನ್ನೇ ನೋಡಿದಳು, ನೋಡಿದವಳು ಮುಖದವರೆಗೆ ಕಣ್ಣು ಎತ್ತಲಿಲ್ಲ. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೈ ಹಿಡಿದು, “ನಾನೇ ಕಣೇ ಮಾಡಿದ್ದು. ನನ್ನ ನಾಲಿಗೆ ಮಾಡಿದ್ದು,” ಅಂದಳು.

“ಸುಮ್ನಿರು ಅತ್ತೆ. ಬೈಗುಳದಿಂದ ಗಡ್ಡೆ ಬರೋ ಹಾಗಿದ್ರೆ ಈ ಬೀದೀಲಿ ಒಬ್ಬರೂ ಉಳೀತಿರಲಿಲ್ಲ,” ಅಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆಯವರು ತೂತು ಮುಚ್ಚಲು ಬಿಳಿಯ ಜಾಳು ಬಟ್ಟೆ ಕೊಟ್ಟಿದ್ದರು. ಗಾಳಿ ಹೋಗಬೇಕು, ಧೂಳು ಹೋಗಬಾರದು, ಅಷ್ಟು ಹೇಳಿ ಕಳಿಸಿದ್ದರು. ಅದನ್ನು ಕಟ್ಟಿಕೊಂಡರೆ ಅಪ್ಪ ಊಟಕ್ಕೆ ಕೂರಿಸಿದ ಮಗುವಿನಂತೆ ಕಾಣುತ್ತಿದ್ದ. ಅದಕ್ಕೆ ಹೊರಗೆ ಕಾಲಿಡುತ್ತಿರಲಿಲ್ಲ. ಮುಂದಿನ ಭಾನುವಾರ ಅತ್ತೆ ಅವನೆದುರು ಕೂತು, ಎರಡೂ ಕೈ ಚಾಚಿ ಅವನ ಕೊರಳನ್ನು ಬೆರಳುಗಳಿಂದ ಬಳಸಿದಳು. ಗಾಯದ ಹತ್ತಿರ ಬೆರಳು ಸಡಿಲಿಸಿದಳು. ಅಪ್ಪ ಕಣ್ಣು ಮುಚ್ಚಿಕೊಂಡ. ಇಬ್ಬರೂ ಮದುವೆಮನೆಯ ಮಾತು ಎತ್ತಲಿಲ್ಲ.

ಅದರ ಮುಂದಿನ ವಾರ ಮೊದಲ ಕೊರಳುಸುತ್ತು ಬಂತು. ಗಾಳಿಯಾಡಲೆಂದು ಹೆಣಿಗೆ ಸಡಿಲ ಮಾಡಿ, ಇದ್ದುದರಲ್ಲೇ ಅತಿ ಮೆತ್ತನೆಯ ಬೂದು ಉಣ್ಣೆಯಲ್ಲಿ ಹೆಣೆದಿದ್ದಳು. ಬ್ರಷ್ಷಿನಿಂದ ಎಷ್ಟು ಉಜ್ಜಿದ್ದಳೋ, ಬೆಕ್ಕಿನ ಮರಿಯ ಹೊಟ್ಟೆಯ ಹಾಗಿತ್ತು. ಅಪ್ಪ ಹಾಕಿಕೊಂಡ. ಕನ್ನಡಿ ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ತಂಗಿಯ ಜೊತೆ ಬೀದಿಯ ತುದಿಯವರೆಗೆ ನಡೆದು ಬಂದ. ಅತ್ತೆ ಆ ದಿನ ನಮ್ಮ ಮನೆಯಲ್ಲಿ ಊಟ ಮಾಡಿದಳು. ಎರಡು ಸಲ ಬಡಿಸಿಕೊಂಡಳು.

ಅವಳು ಹೋದ ಮೇಲೆ ಕೆಮ್ಮು ಶುರುವಾಯಿತು. ದನಿಯಿಲ್ಲದವನ ಕೆಮ್ಮು ಹೇಗಿರುತ್ತದೆ ಎಂದು ಕೇಳದವರಿಗೆ ಹೇಳುವುದು ಕಷ್ಟ. ಗಾಳಿ ಮಾತ್ರ ಬಡಿದು ಬಡಿದು ಹೊರಬರುತ್ತದೆ, ಮೈಯೆಲ್ಲ ಕುಲುಕುತ್ತದೆ. ಅಮ್ಮ ನಳಿಕೆ ತೆಗೆದು ತೊಳೆದಳು. ನೀರಿನಲ್ಲಿ ಬೂದು ಕೂದಲೆಳೆಗಳು ತೇಲಿದವು. ನಮಗೆ ಆಗ ಅರ್ಥವಾಯಿತು. ಮೆತ್ತಗಿದ್ದಷ್ಟೂ ಉಣ್ಣೆಯ ಜೂಲು ಉದುರುತ್ತದೆ, ಉದುರಿದ್ದೆಲ್ಲ ನೇರ ಆ ತೂತಿನೊಳಗೆ.

“ನಾಳೆಯೇ ಹೇಳ್ತೀನಿ,” ಅಂದೆ. ಅಪ್ಪ ಹಲಗೆ ಎಳೆದುಕೊಂಡು ದೊಡ್ಡದಾಗಿ ಬರೆದ: ಹೇಳಬೇಡ.

ಎರಡು ಚಳಿಗಾಲ ಹೀಗೇ ನಡೆಯಿತು. ಭಾನುವಾರ ಬೆಳಿಗ್ಗೆ ಅತ್ತೆಯ ಬಾಗಿಲಿನ ಚಿಲಕದ ಸದ್ದಾದ ಕೂಡಲೇ ಅಪ್ಪ ಬಿಳಿ ಬಟ್ಟೆ ಬಿಚ್ಚಿ ಉಣ್ಣೆ ಹಾಕಿಕೊಳ್ಳುತ್ತಿದ್ದ. ಅವಳು ಹೋದ ಮೇಲೆ ಸಂಜೆಯವರೆಗೆ ಕೆಮ್ಮುತ್ತಿದ್ದ, ಗೋಡೆಯಾಚೆ ಕೇಳದಿರಲೆಂದು ಹಿತ್ತಲಿಗೆ ಹೋಗಿ. ಹದಿನಾಲ್ಕು ಕೊರಳುಸುತ್ತು ಬಂದವು. ನೀಲಿ ಹಾಕಿದ ವಾರ ನೀರಿನಲ್ಲಿ ನೀಲಿ ಎಳೆ, ಕಂದು ಹಾಕಿದ ವಾರ ಕಂದು. ಅತ್ತೆಗೆ ಬೂದು ಬಣ್ಣದ ಮೇಲೆ ಮೋಹ, “ಅದನ್ನೇ ಹಾಕ್ಕೋ, ಅದು ನಿಂಗೆ ಒಪ್ಪುತ್ತೆ,” ಅನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು, ಅವಳ ಮೇಲೆ ಎಷ್ಟೋ, ಅಪ್ಪನ ಮೇಲೂ ಅಷ್ಟೇ.

ಒಂದು ಸಂಜೆ ತಡೆಯಲಾರದೆ ಅಪ್ಪನಿಗೆ ರೇಗಿದೆ. “ನಿನ್ನನ್ನ ಅಷ್ಟು ಜನರ ಮುಂದೆ ಶಪಿಸಿದವಳು ಅವಳು. ಅವಳಿಗೋಸ್ಕರ ಯಾಕಪ್ಪಾ ಹಿಂಗೆ ಸಾಯ್ತೀಯ?” ಅಪ್ಪ ಹಲಗೆ ತೊಡೆಯ ಮೇಲಿಟ್ಟುಕೊಂಡು ಬರೆದ: “ನಾನು ಮೈಕಲ್ಲಿ ಅಂದದ್ದು ನೂರೈವತ್ತು ಜನ ಕೇಳಿದರು. ಈ ಕೆಮ್ಮು ನೀವಿಬ್ಬರೇ ಕೇಳ್ತೀರಿ.” ನಾನೂ ಅಮ್ಮನೂ ಓದಿದ ಮೇಲೆ ಅಂಗೈಯಿಂದ ಅಳಿಸಿಬಿಟ್ಟ.

ಮೂರನೆಯ ಚಳಿಗಾಲವನ್ನು ಅವನು ಕಾಣಲಿಲ್ಲ. ಗಡ್ಡೆ ಶ್ವಾಸಕೋಶದಲ್ಲಿ ಮತ್ತೆ ಹುಟ್ಟಿತ್ತು. ಉಣ್ಣೆಯಿಂದೇನಾದರೂ ಹೆಚ್ಚಾಯಿತೇ ಎಂದು ನಾನು ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. ಇಲ್ಲ, ಕೆಮ್ಮಿನ ಕಷ್ಟ ಬೇರೆ, ಈ ರೋಗ ಬೇರೆ ಅಂದರು. ನಂಬಿದೆ, ನಂಬದಿದ್ದರೆ ನನಗೇ ಬದುಕುವುದು ಕಷ್ಟವಿತ್ತು.

ಅಪ್ಪ ಹೋಗಿ ಒಂದು ತಿಂಗಳಾಗಿರಬಹುದು. ಅತ್ತೆ ಮಧ್ಯಾಹ್ನ ಬಂದು ಅವನ ಕಪಾಟು ತೆಗೆಸಿದಳು. ಹದಿನಾಲ್ಕನ್ನೂ ಮಂಚದ ಮೇಲೆ ಸಾಲಾಗಿ ಹರಡಿದಳು. ಒಂದೊಂದನ್ನೂ ತಟ್ಟಿ, ಮಡಚಿ, ನನ್ನ ಮುಖ ನೋಡದೆ ಕೇಳಿದಳು:

“ನನ್ನ ವಿಷಯ ಏನಾದ್ರೂ ಬರೆದಿದ್ನೇನೇ? ಆವತ್ತು ನಾನು ಅಂದದ್ದನ್ನ ಹೊಟ್ಟೆಗೆ ಹಾಕ್ಕೊಂಡಿದ್ನೋ ಇಲ್ವೋ ಅನ್ನೋದು ಒಂದು ಗೊತ್ತಾದ್ರೆ ಸಾಕು ನಂಗೆ.”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಗತಿ ನನ್ನದು. ಅವನು ಅವಳ ಬಗ್ಗೆ ಬರೆದದ್ದು ಒಂದೇ ಮಾತು. ಆ ಮಾತು ಹೇಳಿದರೆ ಕೆಮ್ಮನ್ನೂ ಹೇಳಬೇಕು. “ಹೂಂ, ಕೋಪ ಇರಲಿಲ್ಲ,” ಅಂದೆ, ನೆಲ ನೋಡಿಕೊಂಡು. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತು ಯಾವುದು ಎಂದು ಅವಳಿಗೆ ಗೊತ್ತಾಗುತ್ತದೆ. ಒಂಬತ್ತು ವರ್ಷ ಅಜ್ಜಿಗೆ ಅಂಥದ್ದೇ ಹೇಳಿದವಳು.

“ಹೋಗ್ಲಿ ಬಿಡು,” ಎಂದು ಚೀಲ ಬಿಡಿಸಿದಳು. “ಇವನ್ನ ಆಸ್ಪತ್ರೆಗೆ ಕೊಟ್ಟು ಬರ್ತೀನಿ. ಆ ವಾರ್ಡಲ್ಲಿ ಇವನ ಹಾಗೆ ಆದವರು ಎಷ್ಟು ಜನ ಇದಾರೆ. ಬೆಚ್ಚಗಿರಲಿ.”

ಅವಳು ಬಾಗಿಲವರೆಗೆ ಹೋದಳು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಹದಿನಾಲ್ಕು ಕೊರಳು, ಕದ್ದು ಕೆಮ್ಮಲು ಹದಿನಾಲ್ಕು ಹಿತ್ತಲು.

“ಕೊಡಬೇಡ ಅತ್ತೆ,” ಅಂದೆ. ಅಂದ ಮೇಲೆ ಎಲ್ಲವನ್ನೂ ಹೇಳಬೇಕಾಯಿತು. ಜೂಲು, ನಳಿಕೆ, ತೊಳೆದ ನೀರು, ಚಿಲಕದ ಸದ್ದಿಗೆ ಬದಲಾಗುತ್ತಿದ್ದ ಬಟ್ಟೆ, ಹಿತ್ತಲು. ಕೊನೆಗೆ ಹಲಗೆಯ ಮೇಲಿನ ಮಾತು, ಒಂದಕ್ಷರ ಬಿಡದೆ. ಹೇಳುತ್ತಾ ನಾನೇ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಚೀಲ ಹಿಡಿದುಕೊಂಡೇ ನಿಂತಿದ್ದಳು.

“ಯಾವುದು ಜಾಸ್ತಿ ಉದುರ್ತಿತ್ತು?” ಎಂದು ಕೇಳಿದಳು.

“ಬೂದು,” ಅಂದಳು ಅಮ್ಮ. ಅಮ್ಮ ಆ ದಿನ ಆಡಿದ್ದು ಅದೊಂದೇ ಮಾತು, ಎರಡು ವರ್ಷದ ಸಿಟ್ಟೆಲ್ಲ ಅದರಲ್ಲಿತ್ತು.

ಅತ್ತೆ ಚೀಲದಲ್ಲಿ ಕೈಯಾಡಿಸಿ ಬೂದು ಬಣ್ಣದ್ದನ್ನು ತೆಗೆದಳು. ಮೂಗು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಮೂರನೆಯ ಸಲ ಕೆಮ್ಮು ಬಂತು. ಬಟ್ಟೆ ಇಳಿಸಿ, ನಾಲಿಗೆಗೆ ಅಂಟಿದ್ದ ಒಂದು ಎಳೆಯನ್ನು ಎರಡು ಬೆರಳಿನಿಂದ ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದಳು.

“ಒಂದು ಮಾತು ಹೇಳಬಾರದಿತ್ತಾ ಅವನು,” ಅಂದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಆಗ ಗೋಡೆಗೆ ಒರಗಿ ಕುಸಿದು ಕೂತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿ ಸತ್ತಾಗಲೂ ಅತ್ತವಳಲ್ಲ.

ಈಗ ಅವಳು ಹತ್ತಿ ದಾರದಲ್ಲೇ ಹೆಣೆಯುತ್ತಾಳೆ. ಸಣ್ಣ ಸಣ್ಣ ಕೊರಳುಸುತ್ತುಗಳು, ಬಿಳಿ ಮತ್ತು ತಿಳಿ ನೀಲಿ. ಬ್ರಷ್ಷನ್ನು ಎಸೆದಿದ್ದಾಳೆ. ತಿಂಗಳಿಗೊಮ್ಮೆ ನಾವಿಬ್ಬರೂ ಆ ವಾರ್ಡಿಗೆ ಹೋಗುತ್ತೇವೆ. ಪ್ರತಿಯೊಂದರೊಳಗೂ ಒಂದು ಚೀಟಿ ಮಡಚಿಟ್ಟು, ಜೊತೆಗೊಂದು ಮೋಟು ಪೆನ್ಸಿಲ್ ಸಿಕ್ಕಿಸಿರುತ್ತಾಳೆ. ಚೀಟಿಯ ಮೇಲೆ ಅವಳ ಸೊಟ್ಟ ಅಕ್ಷರದಲ್ಲಿ ಇಷ್ಟೇ ಬರೆದಿರುತ್ತದೆ: “ಕಷ್ಟವಾದರೆ ದಯವಿಟ್ಟು ಬರೆದು ತಿಳಿಸಿ. ನನಗೆ ಬೇಜಾರಾಗುವುದಿಲ್ಲ.”

ಹೆಚ್ಚಿನವರು ‘ಚೆನ್ನಾಗಿದೆ’ ಎಂದು ಬರೆದುಕೊಡುತ್ತಾರೆ. ಅವಳು ಆ ಚೀಟಿ ಓದಿ, ಬರೆದವರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಅವರು ಕೆಮ್ಮುತ್ತಾರೋ ಏನೋ ಎಂದು ಒಂದು ಗಂಟೆ ಕಾಯುತ್ತಾಳೆ.