ಮಸ್ಕತ್ತಿನ ಯಲ್ಲವ್ವ

ಈ ವರ್ಷ ಸಂಕ್ರಾಂತಿಯ ಮರುದಿನ, ಕರಿ ದಿನ ಮಧ್ಯಾಹ್ನ, ಅಕ್ಕಲಕೋಟೆಯ ಖಾನಾವಳಿ ಮಾವಶಿ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಅವರ ಎಡ ಅಂಗೈ ನನಗೆ ಮುಖಕ್ಕಿಂತ ಚೆನ್ನಾಗಿ ನೆನಪಿದೆ. ಜೋಳದ ರೊಟ್ಟಿ ಬಡಿದು ಬಡಿದು ಎರಡೂ ಕೈ ಗಟ್ಟಿಯಾಗಿದ್ದವು. ಗೆರೆಗಳಲ್ಲಿ ಸದಾ ಒಣಹಿಟ್ಟು ಕೂತಿರುತ್ತಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಎಡ ಅಂಗೈಯನ್ನಷ್ಟೇ ಸೆರಗಿನಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲ ಸಲ ಕಂಡಾಗ ಕೈ ಸುಟ್ಟುಕೊಂಡಿರಬೇಕು ಎಂದುಕೊಂಡು ಕೇಳಿದೆ.

"ಸುಟ್ಟಿಲ್ರಿ. ಇಲ್ಲೊಂದು ನಂಬರ ಇತ್ತು," ಎಂದರು.

ಒಲೆಯ ಮುಂದಿದ್ದ ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅಲ್ಲಿಂದಲೇ ಕೂಗಿದರು: "ಶುರು ಆತು ನೋಡ್ರಿ ಪುರಾಣ! ಪೇಪರ್‌ನವ್ರ, ಲಗೂನ ಉಂಡು ಏಳ್ರಿ. ಇಲ್ಲಾಂದ್ರ ನಿಮ್ಮ ಬಸ್ಸು ಹೋಗತೈತಿ."

ನಾನು ಸೊಲ್ಲಾಪುರದ ಮರಾಠಿ ದಿನಪತ್ರಿಕೆಯೊಂದರ ವರದಿಗಾರ. ತಾಲೂಕು ಕಚೇರಿಯ ಸುದ್ದಿಗೆಂದು ಅಕ್ಕಲಕೋಟೆಗೆ ಹೋದಾಗಲೆಲ್ಲ ಬಸ್ ನಿಲ್ದಾಣದ ಹಿಂದಿನ ಆ ಖಾನಾವಳಿಯಲ್ಲಿ ಊಟ. ಇಡೀ ದಿನ ಮರಾಠಿಯಲ್ಲಿ ಬರೆಯುವವನಿಗೆ ಅಲ್ಲಿ ಕನ್ನಡ ಕೇಳಿಸುತ್ತಿತ್ತು. ಹೋಗಲು ಅದೂ ಒಂದು ಕಾರಣ.

ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ; ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಅವರಿಗೆ ಒಂದು ಅಭ್ಯಾಸವಿತ್ತು. ನಿಲ್ದಾಣದಲ್ಲಿ ಯಾರಾದರೂ ಚೀಲ ಹಿಡಿದು ಒಬ್ಬಂಟಿಯಾಗಿ, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದರೆ ಹಿಟ್ಟಿನ ಕೈಯಲ್ಲೇ ಎದ್ದು ಹೋಗುತ್ತಿದ್ದರು. ಅವರ ಚೀಲ ತಾವೇ ಎತ್ತಿಕೊಂಡು, "ಯಲ್ಲಾ" ಎನ್ನುತ್ತಿದ್ದರು. ಊರಿನ ಗುಡಿಗೆ ಯಾತ್ರೆ ಬಂದ ತೆಲುಗಿನವರು, ಗುಜರಾತಿನವರು, ಒಮ್ಮೆ ರೈಲು ತಪ್ಪಿ ದಾರಿ ತಪ್ಪಿದ ಪರದೇಶದ ಹುಡುಗಿಯೊಬ್ಬಳು, ಎಲ್ಲರಿಗೂ ಅದೇ ಮಾತು. ಅವರು ಏನೂ ಅರ್ಥವಾಗದೆಯೇ ಹಿಂದೆ ಬರುತ್ತಿದ್ದರು. ಅದೇನು ಮಾತು ಎಂದು ಕೇಳಿದರೆ, "ನಮ್ಮ ಯಲ್ಲವ್ವನ ಹೆಸರ್ರಿ. ಆಕಿ ನೆನಪು ಮಾಡ್ಕೊಂಡು ಕರ್ಕೊಂಡ್ ಬರ್ತೀನಿ," ಎನ್ನುತ್ತಿದ್ದರು.

ಯಲ್ಲವ್ವ ಮಸ್ಕತ್ತಿನವಳು. ಅವಳ ಕಥೆಯನ್ನು ಮಾವಶಿ ನನಗೆ ಹಲವು ಊಟಗಳಲ್ಲಿ ಬಿಡಿಬಿಡಿಯಾಗಿ ಹೇಳಿದರು. ಜೋಡಿಸಿದರೆ ಹೀಗಾಗುತ್ತದೆ.

ಮಾವಶಿಯ ಗಂಡ ಅದೇ ತಾಲೂಕಿನ ಹಳ್ಳಿ ನಾಗಣಸೂರಿನವರು. ಮಸ್ಕತ್ತಿನಲ್ಲಿ ಮಣ್ಣು ಅಗೆಯುವ ಯಂತ್ರ ಓಡಿಸುತ್ತಿದ್ದರು. ಅಲ್ಲಿ ತಲೆಯ ನರ ಒಡೆದು ಆಸ್ಪತ್ರೆ ಸೇರಿದರು. ಕಂಪನಿ ಒಬ್ಬರಿಗೆ ಮಾತ್ರ ಟಿಕೆಟ್ ಕಳಿಸಿತು. ಮೈದುನನಿಗೆ ಪಾಸ್‌ಪೋರ್ಟ್ ಇರಲಿಲ್ಲ. ಗಂಡನನ್ನು ನೋಡಲು ಹೋಗಬೇಕೆಂದು ಹಿಂದಿನ ವರ್ಷ ಮಾಡಿಸಿಟ್ಟ ಪಾಸ್‌ಪೋರ್ಟ್ ಮಾವಶಿಯ ಬಳಿ ಇತ್ತು. ಸೊಲ್ಲಾಪುರದಾಚೆ ಒಬ್ಬರೇ ಎಲ್ಲೂ ಹೋಗದ ಹೆಂಗಸು, ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಕಟ್ಟಿಕೊಂಡು ವಿಮಾನ ಹತ್ತಿದರು. ಅಲ್ಲಿ ಇಳಿದಾಗ ಕಂಪನಿಯವರು ಯಾರೂ ಬಂದಿರಲಿಲ್ಲ.

"ಗಾಜಿನ ಬಾಗಲಾ ತಾನಾಗೇ ತಗೀತಿತ್ತು, ತಾನಾಗೇ ಹಾಕ್ಕೋತಿತ್ತು. ಒಳಗ ಹೋಗಲೋ ಹೊರಗ ನಿಂದರಲೋ ತಿಳೀಲಿಲ್ರಿ. ಅಳಾಕೂ ಹೆದರಿಕಿ. ಅತ್ರ ಪೊಲೀಸರು ಬಂದಾರು ಅಂತ."

ಯಾರನ್ನೋ ಬೀಳ್ಕೊಡಲು ಬಂದಿದ್ದ ಕಪ್ಪು ನಿಲುವಂಗಿಯ ಹೆಂಗಸೊಬ್ಬಳು ಅವರ ಮುಂದೆ ನಿಂತಳು. ಮಾವಶಿಯದೇ ವಯಸ್ಸು, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಆಸ್ಪತ್ರೆಯ ವಿಳಾಸ ಓದಿದಳು. ಮಾವಶಿ ಎದೆ ಮುಟ್ಟಿ ತಮ್ಮ ಹೆಸರು ಹೇಳಿ, ಆಮೇಲೆ ಅವಳ ಕಡೆ ಕೈ ತೋರಿಸಿದರು. ಅವಳು ಚೀಲ ಎತ್ತಿಕೊಂಡು, "ಯಲ್ಲಾ!" ಎಂದಳು.

ಅಕ್ಕಲಕೋಟೆ ತಾಲೂಕಿನ ಹೆಂಗಸಿನ ಕಿವಿಗೆ ಅದು ಒಂದೇ ರೀತಿ ಕೇಳಿಸಲು ಸಾಧ್ಯ. "ನಮ್ಮ ಓಣ್ಯಾಗ ಮೂರು ಮಂದಿ ಯಲ್ಲವ್ವ ಅದಾರ. ಇಲ್ಲೂ ಒಬ್ಬಾಕಿ ಸಿಕ್ಕಳು ಅಂತ ಜೀವ ಬಂತ್ರಿ."

ಕಂಪನಿಯ ವಸತಿಯಲ್ಲಿ ಇದ್ದವರೆಲ್ಲ ಗಂಡಸರು. ಆದ್ದರಿಂದ ಆ ಹೆಂಗಸು ಮಾವಶಿಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು. ದಿನವೂ ತಾನೇ ಕಾರು ನಡೆಸಿ ಆಸ್ಪತ್ರೆಗೆ ಕರೆದೊಯ್ದಳು. ಗಂಡನಿಗೆ ಎಚ್ಚರವಿರಲಿಲ್ಲ. ನರ್ಸ್ ಹಿಂದಿಯಲ್ಲಿ ಹೇಳಿದ್ದು ಮಾವಶಿಗೆ ಅರೆಬರೆ ತಿಳಿಯುತ್ತಿತ್ತು. ತಾವು ಯಲ್ಲವ್ವನಿಗೆ ಹೇಳಬೇಕೆಂದುಕೊಂಡದ್ದನ್ನು ಹೇಳಲು ಭಾಷೆ ಇರಲಿಲ್ಲ. ಇಬ್ಬರೂ ಹಾಸಿಗೆಯ ಆಚೆ ಈಚೆ ಕೂತಿರುತ್ತಿದ್ದರು, ಅಷ್ಟೇ.

ಗಂಡ ಅಲ್ಲೇ ತೀರಿಕೊಂಡರು. ಹೆಣದ ಜೊತೆ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಯಲ್ಲವ್ವ ಪೆನ್ನು ತೆಗೆದು ಮಾವಶಿಯ ಎಡ ಅಂಗೈ ಮೇಲೆ ತನ್ನ ಫೋನ್ ನಂಬರು ಬರೆದಳು. ಬೆರಳುಗಳನ್ನು ತಾನೇ ಮಡಿಸಿ ಮುಷ್ಟಿ ಕಟ್ಟಿದಳು. ಮುಂಬಯಿ ತನಕ, ಅಲ್ಲಿಂದ ಆಂಬುಲೆನ್ಸಿನಲ್ಲಿ ನಾಗಣಸೂರ ತನಕ ಮಾವಶಿ ಮುಷ್ಟಿ ಬಿಚ್ಚಲಿಲ್ಲ. ದಾರಿಯಲ್ಲಿ ಯಾರಿಗಾದರೂ ತೋರಿಸಬಹುದಿತ್ತಲ್ಲ ಎಂದು ಕೇಳಿದೆ.

"ಹೆಣಾ ಮುಂದಿಟ್ಕೊಂಡು, ಇದೊಂದು ನಂಬರ ಬರಕೋರಿ ಅನ್ನೂದು ಹ್ಯಾಂಗ್ರಿ?"

ಮಣ್ಣು ಮಾಡಿ ಮುಗಿದ ಮೇಲೆ ಓಣಿಯ ಹೆಂಗಸರು ಅವರನ್ನು ಹಿತ್ತಲಿಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿದರು. ಮೈ ತಿಕ್ಕಿದ್ದು ಇದೇ ನೆಗೆಣ್ಣಿ.

"ಬ್ಯಾಡ ಅನ್ನಾಕ ಬಾಯೇ ಬರ್ಲಿಲ್ಲ," ಎಂದರು ಮಾವಶಿ.

"ಕೈಗೆ ಮಸಿ ಹತ್ತೇತಿ ಅಂತ ತಿಳದೆ, ತಿಕ್ಕಿದೆ," ಎಂದರು ನೆಗೆಣ್ಣಿ, ಒಲೆಯ ಕಡೆ ನೋಡುತ್ತ. "ನನಗೇನು ಕನಸು ಬಿದ್ದಿತ್ತಾ?"

"ತಿಕ್ಕಿದ್ಲು ನೋಡ್ರಿ, ಒಂದು ಗೆರಿ ಉಳೀಲಾರದಂಗ. ಖಾನಾವಳಿ ಭಾಂಡೆ ಒಂದಿನಾನೂ ಹಂಗ ತಿಕ್ಕಿಲ್ಲ."

ಇಬ್ಬರೂ ನಕ್ಕರು. ಅದು ಅವರಿಬ್ಬರ ನಡುವೆ ಎಷ್ಟೋ ಸಲ ಬಂದುಹೋದ ಮಾತು.

ಮಾವಶಿಗೆ ಬೇಕಾಗಿದ್ದು ಒಂದೇ. ತಾನು ಊರು ಮುಟ್ಟಿದೆ, ಬದುಕಿದ್ದೇನೆ ಎಂದು ಆ ಹೆಂಗಸಿಗೆ ತಿಳಿಯಬೇಕು. "ಆಕಿ ಫೋನಿನ ಹಾದಿ ನೋಡಿರ್ತಾಳ. ಕೆಲಸ ಆತು, ಮರತಳು ಅಂತ ತಿಳದಿರ್ತಾಳ. ನಿಮ್ಮ ಪೇಪರಿನ್ಯಾಗ ಹುಡಿಕಿಸ್ರಲಾ," ಎಂದರು.

ಸುದ್ದಿಗೆ ಮೊದಲು ಬೇಕಾದದ್ದು ಹೆಸರು. ನಮ್ಮ ಪತ್ರಿಕೆಯಲ್ಲಿ ಮಸ್ಕತ್ತಿನಲ್ಲಿ ಕೆಲಸ ಮಾಡಿ ಬಂದ ಸಹೋದ್ಯೋಗಿಯೊಬ್ಬರಿದ್ದರು. ಅವರನ್ನು ಕೇಳಿದೆ. "ಯಲ್ಲಾ" ಎಂಬುದು ಹೆಸರಲ್ಲ, ಅರಬ್ಬಿಯಲ್ಲಿ "ನಡಿ, ಹೋಗೋಣ" ಎನ್ನುವ ಮಾತು ಎಂದರು. ಮುಂದಿನ ಸಲ ಅಕ್ಕಲಕೋಟೆಗೆ ಹೋದಾಗ ಮಾವಶಿಗೆ ಹೇಳಿದೆ.

ಅವರ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು.

"ಹಂಗಾರ ಆಕಿ ಹೆಸರು ನನಗ ಗೊತ್ತ ಇಲ್ಲೇನು? ನರ್ಸ್‌ಬಾಯಿ ಕಡಿಂದ ಕೇಳಿಸಬಹುದಿತ್ತಲಾ. ಹೆಸರು ಗೊತ್ತೈತಿ ಅಂತ ಕೇಳಲೇ ಇಲ್ಲ." ತಾವೇ ಮುಂದುವರಿದರು: "ಅದಕ್ಕ ನಾ ಯಲ್ಲವ್ವಾ ಅಂತ ಕರದಾಗೆಲ್ಲಾ ಆಕಿ ಎದ್ದು ಚಪ್ಪಲಿ ಹಾಕ್ಕೋತಿದ್ಲು! ನಾ ನೀರು ಕೇಳಾಕ ಕರದ್ರ ಆಕಿ ಗಾಡಿ ತಗದು ನಿಂದರತಿದ್ಲು."

ನೆಗೆಣ್ಣಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮಾವಶಿ ನಗಲಿಲ್ಲ.

"ಕಡೀ ದಿನ ಮಧ್ಯಾಹ್ನ ಉಂಡು ಅಡ್ಡಾಗಿದ್ವಿ. ನನಗ ಸುಮ್ಮನ ಎದಿ ಒಡದಂಗ ಆತು. ಯಲ್ಲವ್ವಾ ಅಂದೆ. ಅಷ್ಟ. ಹೋಗೂಣು ಅಂದಿರಲಿಲ್ಲ. ಆಕಿ ಎದ್ದಳು, ಗಾಡಿ ತಗದಳು. ನಾವು ಒಳಗ ಹೋದಾಗ ಅವರಿಗೆ ಇನ್ನೂ ಉಸುರಿತ್ತು. ಕೈ ಹಿಡದೆ, ಹೋದ್ರು."

ಆಮೇಲೆ ಕೈಯಲ್ಲಿದ್ದ ಉಂಡೆಯನ್ನು ತಟ್ಟತೊಡಗಿದರು.

ಹೆಸರಿಲ್ಲದವರನ್ನು ಹುಡುಕುವುದು ಸುಲಭವಲ್ಲ. ಕಂಪನಿ ಮುಚ್ಚಿತ್ತು. ಆಸ್ಪತ್ರೆಗೆ ಬರೆದ ಮಿಂಚಂಚೆಗೆ ಉತ್ತರ ಬರಲಿಲ್ಲ. ಸಹೋದ್ಯೋಗಿ ಮಸ್ಕತ್ತಿನ ಗೆಳೆಯರ ವಾಟ್ಸಾಪ್ ಗುಂಪುಗಳಿಗೆ ವಿಷಯ ಕಳಿಸಿದರು. ಕೈಮುಗಿದ ಚಿತ್ರಗಳು ಬಂದವು, ಸುಳಿವು ಬರಲಿಲ್ಲ. ನನ್ನಿಂದ ಆದದ್ದು ಅಷ್ಟೇ.

ಮಾವಶಿ ತಮ್ಮ ದಾರಿ ಬಿಡಲಿಲ್ಲ. ಸುತ್ತಲ ಹಳ್ಳಿಯವರು ಯಾರೇ ಮಸ್ಕತ್ತಿನ ಕಡೆ ಹೊರಟರೂ ಶೇಂಗಾ ಹಿಂಡಿಯ ಪೊಟ್ಟಣ ಕೊಡುತ್ತಿದ್ದರು. ಒಬ್ಬರು ನನ್ನೆದುರೇ ಕೇಳಿದರು: "ಮಾವಶಿ, ಯಾರಿಗೆ ಅಂತ ಕೊಡ್ಲಿ?"

"ಎಡ ಹುಬ್ಬಿನ ಮ್ಯಾಲ ಗಾಯದ ಗುರ್ತು ಐತಿ."

"ಅಲ್ಲಿ ಹೆಣ್ಮಕ್ಕಳ ಹುಬ್ಬು ನೋಡಕೋತ ನಿಂತ್ರ ನನಗೂ ಒಂದು ಗುರ್ತು ಮಾಡಿ ಕಳಸ್ತಾರ!"

ಊಟಕ್ಕೆ ಕೂತವರೆಲ್ಲ ನಕ್ಕರು. ಪೊಟ್ಟಣವನ್ನು ಮಾತ್ರ ಅವರು ಚೀಲಕ್ಕೆ ಹಾಕಿಕೊಂಡರು.

ಸಂಕ್ರಾಂತಿಗೆ ಮೊದಲಿನ ವಾರ ರೊಟ್ಟಿ ಬಡಿಯುತ್ತಿದ್ದಾಗಲೇ ಮಾವಶಿಯ ಬಲಗೈ ಸ್ವಾಧೀನ ತಪ್ಪಿತು. ಸೊಲ್ಲಾಪುರಕ್ಕೆ ತಂದರು. ಗಂಡನಿಗೆ ಆದದ್ದೇ ಇವರಿಗೂ ಆಗಿತ್ತು. ಮಾತು ಹೆಚ್ಚುಕಡಿಮೆ ಹೋಗಿತ್ತು. ಡಾಕ್ಟರು ಮರಾಠಿಯಲ್ಲಿ ಹೇಳಿದ್ದು ಈ ಸಲ ನಮಗೆಲ್ಲ ಪೂರ್ತಿ ಅರ್ಥವಾಯಿತು. ಮಾಡುವಂಥದ್ದು ಏನೂ ಇರಲಿಲ್ಲ.

ಕರಿ ದಿನ ನಾನು ಹೋದಾಗ ನೆಗೆಣ್ಣಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಮಾವಶಿಯ ತುಟಿ ಅಲುಗಿತು. ಎರಡನೇ ಸಲಕ್ಕೆ ಕೇಳಿಸಿತು: "ಯಲ್ಲವ್ವಾ."

ನೆಗೆಣ್ಣಿ ಎದ್ದರು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಮಂಚದ ಕೆಳಗಿನ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಬಂದರು. "ಹೂಂ ಅಕ್ಕಾ, ನಡಿ. ತಯಾರ ಅದೀನಿ," ಎಂದರು. ಕದಲಿಸಬಾರದು ಎಂದು ನರ್ಸ್ ಹೇಳಿದರು. ನೆಗೆಣ್ಣಿ ಹಾಗೇ, ಚಪ್ಪಲಿ ಮೆಟ್ಟಿ, ಚೀಲ ಹೊತ್ತು, ಅಕ್ಕನ ಎಡಗೈ ಹಿಡಿದು ನಿಂತಿದ್ದರು. ಮಾವಶಿ ಹೋದದ್ದು ಆಗ.

ಖಾನಾವಳಿ ಈಗ ಮತ್ತೆ ತೆರೆದಿದೆ. ನೆಗೆಣ್ಣಿಯೇ ನಡೆಸುತ್ತಾರೆ. ಕಳೆದ ವಾರ ಮಂಗಳವೇಢೆಯ ಡ್ರೈವರ್ ಒಬ್ಬರು ಮಸ್ಕತ್ತಿಗೆ ಹೋದರು. ಅವರ ಕೈಯಲ್ಲಿ ಒಂದು ಹಿಂಡಿ ಪೊಟ್ಟಣ ಕಳಿಸಲಾಗಿದೆ. ತಲುಪಿದ ಸುದ್ದಿ ಇನ್ನೂ ಬಂದಿಲ್ಲ.